ಬಿಸುವಿನಿಂದ ಪತ್ತನಾಜೆಯವರೆಗೆ: ತರಕಾರಿ, ಗಾಳ, ಹಕ್ಕಿಗಳ ನಡುವೆ ಕಾಸರಗೋಡಿನ ಬೇಸಗೆ

ಏಪ್ರಿಲ್ ಬಂದು ಶಾಲೆಗೆ ರಜೆ ಸಿಕ್ಕಿತೆಂದರೆ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಮಕ್ಕಳ ಲೆಕ್ಕ ಎರಡರಿಂದ ಆರಕ್ಕೆ ಏರುತ್ತದೆ. ಮಂಗಳೂರಿನಿಂದ ಅಣ್ಣನ ಮಕ್ಕಳು, ಬೆಂಗಳೂರಿನಿಂದ ತಂಗಿಯ ಮಕ್ಕಳು. ಮೊದಲ ಎರಡು ದಿನ ಮಾವಿನಹಣ್ಣು, ಗೇರುಹಣ್ಣು, ಉಯ್ಯಾಲೆ ಎಂದು ಕಳೆಯುತ್ತದೆ. ಮೂರನೆಯ ದಿನ ಬೆಳಗ್ಗೆ ಒಂದು ತಲೆ ಅಡುಗೆಮನೆಯ ಬಾಗಿಲಲ್ಲಿ ಕಾಣಿಸುತ್ತದೆ: "ಅತ್ತೆ, ಇವತ್ತು ಏನು ಮಾಡುವುದು?"

ಆ ಪ್ರಶ್ನೆಗೆ ನಾನು ಕೊಡುತ್ತಾ ಬಂದ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ. ತರಕಾರಿ ಬೆಳೆಯುವುದು, ಗಾಳ ಹಾಕುವುದು, ಹಕ್ಕಿ-ಪ್ರಾಣಿಗಳನ್ನು ನೋಡುವುದು ಮೂರು ಬೇರೆ ಹವ್ಯಾಸಗಳೆಂದು ಜನ ಭಾವಿಸುತ್ತಾರೆ. ನಮ್ಮ ಬೇಸಗೆಯಲ್ಲಿ ಅವು ಮೂರೂ ಒಂದೇ. ನೀರು ಎಲ್ಲಿ ಉಳಿದಿದೆಯೋ ಅಲ್ಲೇ ಸೌತೆಬಳ್ಳಿ, ಅಲ್ಲೇ ಮೀನು, ಅಲ್ಲೇ ಮಿಂಚುಳ್ಳಿ. ಆದ್ದರಿಂದ ನೀರಿನ ಜಾಡು ಹಿಡಿದು ದಿನವನ್ನು ಹೊಂದಿಸಿಕೊಳ್ಳಿ. ಉಳಿದದ್ದು ತಾನಾಗಿ ಕೂಡಿಬರುತ್ತದೆ. ನಮ್ಮ ಹೊಸ ವರ್ಷವಾದ ಬಿಸುವಿಗೆ ಕಣಿ (ಫಲವಸ್ತುಗಳ ಮಂಗಳ ತಟ್ಟೆ) ಇಟ್ಟ ಏಪ್ರಿಲ್ ಮಧ್ಯದಿಂದ, ಬೇಸಗೆಯ ಕೊನೆಯೆಂದು ತುಳುನಾಡು ಎಣಿಸುವ ಮೇ 24ರ ಆಸುಪಾಸಿನ ಪತ್ತನಾಜೆಯವರೆಗೆ ಸುಮಾರು 40 ದಿನ ಕೈಯಲ್ಲಿರುತ್ತದೆ.

ಮೊದಲು ನೀರನ್ನು ಅಳೆಯಿರಿ

ನಮ್ಮ ಹಿತ್ತಿಲಿಗೆ ನೀರು ಬರುವುದು ಸುರಂಗದಿಂದ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ, ಸುರಂಗವೆಂದರೆ ಅಡ್ಡಲಾಗಿ ತೋಡಿದ ಬಾವಿ. ಗುಡ್ಡದ ಬದಿಯ ಮುರಕಲ್ಲನ್ನು (ಜಂಬಿಟ್ಟಿಗೆ) ಒಬ್ಬ ಆಳು ನಡೆದು ಹೋಗುವಷ್ಟು ಎತ್ತರಕ್ಕೆ, ಎರಡು ಅಡಿಯ ಆಸುಪಾಸಿನ ಅಗಲಕ್ಕೆ, ಒಸರು ಸಿಗುವವರೆಗೆ ಕೊರೆಯುತ್ತಾ ಹೋಗುತ್ತಾರೆ. ಬಾಯಾರು, ಪಡ್ರೆ, ಕುಂಬ್ಡಾಜೆ, ಬೆಳ್ಳೂರು ಕಡೆಯ ಹಳೆಯ ಮನೆಗಳಲ್ಲಿ ಸುರಂಗವಿಲ್ಲದ ಹಿತ್ತಿಲು ಕಡಿಮೆ. ಪಂಪು ಬೇಡ, ವಿದ್ಯುತ್ ಬೇಡ. ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬಂದು ಟ್ಯಾಂಕಿಯಲ್ಲಿ ನಿಲ್ಲುತ್ತದೆ. ಸುರಂಗದ ಒಳಗೆ ಬಾವಲಿಗಳು ನೇತಾಡುತ್ತಿರುತ್ತವೆ. ಮಕ್ಕಳು ಟಾರ್ಚ್ ಹಿಡಿದು ಒಳಗೆ ಓಡಲು ಹಾತೊರೆಯುತ್ತಾರೆ, ಬಿಡಬೇಡಿ. ಬಾವಲಿಗೂ ತೊಂದರೆ, ಆಳಕ್ಕೆ ಹೋದರೆ ಉಸಿರಾಟಕ್ಕೂ ಕಷ್ಟ. ಬಾಯಿಯ ಬಳಿ ನಿಂತು ನೋಡಿದರೆ ಸಾಕು.

ಅಳೆಯುವುದು ಸುಲಭ. 15 ಲೀಟರಿನ ಬಕೆಟ್ಟನ್ನು ಪೈಪಿನ ಕೆಳಗಿಡಿ, ಮೊಬೈಲಿನಲ್ಲಿ ಸಮಯ ನೋಡಿ. ಜನವರಿಯಲ್ಲಿ ನಮ್ಮ ಬಕೆಟ್ 3 ನಿಮಿಷಕ್ಕೆ ತುಂಬುತ್ತದೆ. ಎಂದರೆ ದಿನಕ್ಕೆ 7,200 ಲೀಟರ್. ಏಪ್ರಿಲ್ ಕೊನೆಗೆ ಅದೇ ಬಕೆಟ್ಟಿಗೆ 12 ನಿಮಿಷ ಬೇಕು, ದಿನಕ್ಕೆ 1,800 ಲೀಟರ್. ಮನೆಗೂ ದನದ ಹಟ್ಟಿಗೂ 1,200 ಲೀಟರ್ ಹೋದರೆ ಗಿಡಗಳಿಗೆ ಉಳಿಯುವುದು 600. ಬಿರುಬಿಸಿಲಿನಲ್ಲಿ ಒಂದು ಸೌತೆ ಹೊಂಡಕ್ಕೆ ನಾನು ದಿನಕ್ಕೆ 8 ಲೀಟರ್ ಹಾಕುತ್ತೇನೆ. ಹಾಗಾಗಿ ಹೊಂಡಗಳು 75ಕ್ಕಿಂತ ಹೆಚ್ಚಾಗುವಂತಿಲ್ಲ. ನಾನು 60ಕ್ಕೆ ನಿಲ್ಲಿಸುತ್ತೇನೆ. ಜನವರಿಯ ನೀರು ನೋಡಿ ಬಿತ್ತಿ, ಏಪ್ರಿಲಿನಲ್ಲಿ ಬಳ್ಳಿ ಬಾಡುವುದನ್ನು ಕೈಕಟ್ಟಿ ನೋಡಿದವರು ನಮ್ಮೂರಲ್ಲಿ ಅನೇಕರಿದ್ದಾರೆ. ಬಾವಿ ಇದ್ದವರು ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಗುರುತು ಮಾಡಿಕೊಳ್ಳಿ, ಅದೂ ಇಷ್ಟೇ ಉಪಯುಕ್ತ.

ತೋಡಿಗೆ, ಎಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಹಾಕುವ ಊರಿನವರಾದರೆ ನಿಮ್ಮ ಲೆಕ್ಕ ಇನ್ನೂ ಉದಾರವಾಗಿರಬಹುದು. ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು ಸೇರಿಸಿ ತೋಡಿಗೆ ಅಡ್ಡವಾಗಿ ಕಟ್ಟುವ ಈ ತಾತ್ಕಾಲಿಕ ಒಡ್ಡುಗಳಿಗೆ ಏತಡ್ಕ ಹೆಸರುವಾಸಿ. ಕಟ್ಟದ ಮೇಲ್ಬದಿಯಲ್ಲಿ ನಿಂತ ನೀರು ಎರಡೂ ದಡದ ಬಾವಿಗಳಿಗೆ ಇಳಿಯುತ್ತದೆ. ಆಮೆ, ಮೀನು, ಹುಂಡುಕೋಳಿಗಳಿಗೂ ಅದೇ ಆಸರೆ.

ಬೆಳಗ್ಗೆ ಆರಕ್ಕೆ ಹಿತ್ತಿಲಿಗೆ

ಸೌತೆ, ಅಲಸಂದೆ, ಹಾಗಲ, ಪಡುವಲದಂಥ ಬೇಸಗೆ ತರಕಾರಿಯನ್ನು ನಾವು ಬಿತ್ತುವುದು ಡಿಸೆಂಬರ್-ಜನವರಿಯಲ್ಲಿ, ಭತ್ತ ಕೊಯ್ದ ಗದ್ದೆಯಲ್ಲಿ. ಮಂಗಳೂರು ಸೌತೆಗೆ ಬಿತ್ತಿದಂದಿನಿಂದ ಎರಡು ತಿಂಗಳಿಗಿಂತ ತುಸು ಹೆಚ್ಚು ಬೇಕು. ಬಿಸು ಕಣಿಯ ತಟ್ಟೆಯಲ್ಲಿ ಮನೆಯ ಸೌತೆಯನ್ನೇ ಇಡಬೇಕಾದರೆ ಜನವರಿ ದಾಟಬಾರದು. ಇದೀಗ ರಜೆಗೆ ಬಂದು ಏನಾದರೂ ಬೆಳೆಯಬೇಕೆನ್ನುವವರು ನಿರಾಶರಾಗಬೇಡಿ. ಹರಿವೆ 30-35 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬಸಳೆಯ ಬಳ್ಳಿಯನ್ನು ಒಂದು ಗೇಣು ಕತ್ತರಿಸಿ ನೆಟ್ಟರೆ ಬೇರು ಬಿಡುತ್ತದೆ. ಬೆಂಡೆ ಈಗ ಬಿತ್ತಿದರೆ ಮಳೆಗಾಲದ ಆರಂಭಕ್ಕೆ ಕಾಯಿ ಬಿಡುತ್ತದೆ. ಒಬ್ಬೊಬ್ಬ ಮಗುವಿಗೆ ಒಂದೊಂದು ಹರಿವೆ ಮಡಿ ಕೊಡಿ. ತಾನೇ ನೀರೆರೆದ ಸೊಪ್ಪನ್ನು ತಿನ್ನದ ಮಗುವನ್ನು ನಾನು ಇದುವರೆಗೆ ನೋಡಿಲ್ಲ.

ಹೊಂಡದ ಕೆಲಸಕ್ಕೆ ಅವಸರ ಬೇಡ. ಒಂದೂವರೆ ಅಡಿ ಆಳ, ಅಷ್ಟೇ ಅಗಲ. ತಳದಲ್ಲಿ ತೆಂಗಿನ ಸಿಪ್ಪೆಗಳನ್ನು ಒತ್ತಾಗಿ ಜೋಡಿಸಿ. ಸಿಪ್ಪೆಯ ಒಳಮೈ, ಎಂದರೆ ಬಟ್ಟಲಿನಂತೆ ತಗ್ಗಾದ ಭಾಗ, ಮೇಲಕ್ಕೆ ಇರಬೇಕು. ಆಗ ಅದು ನೀರನ್ನು ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಮಣ್ಣಿನ ಮೇಲೆ ಹೊದಿಕೆಯಾಗಿ ಹಾಸುವಾಗ ಮಾತ್ರ ಮಗುಚಿ, ಬೆನ್ನು ಮೇಲಾಗಿ ಇಡಬೇಕು. ಇಲ್ಲದಿದ್ದರೆ ಪ್ರತಿ ಸಿಪ್ಪೆಯಲ್ಲೂ ನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಹೂಳುವಾಗ ಒಳಮೈ ಮೇಲೆ, ಹಾಸುವಾಗ ಬೆನ್ನು ಮೇಲೆ. ಮಕ್ಕಳಿಗೆ ಇದನ್ನು ಹಾಡಿನಂತೆ ಹೇಳಿಸಿದ್ದೇನೆ. ಸಿಪ್ಪೆಯ ಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ. ಕಸಕಡ್ಡಿ, ಒಣಸೊಪ್ಪಿನ ಮೇಲೆ ಮಣ್ಣು ಪೇರಿಸಿ ಹೊಗೆಯಾಡುವಂತೆ ನಿಧಾನವಾಗಿ ಸುಟ್ಟರೆ ಸಿಗುವ ಕೆಂಪು-ಕಪ್ಪು ಮಿಶ್ರಣವೇ ಸುಡುಮಣ್ಣು. ಆದರೆ ಬಿಸಿಲು ಏರಿದ ಮೇಲೆ, ಗಾಳಿ ಬೀಸುವಾಗ ಬೆಂಕಿ ಹಾಕಬೇಡಿ. ಪಕ್ಕದ ಗುಡ್ಡದ ಮುಳಿಹುಲ್ಲಿಗೆ ಒಂದು ಕಿಡಿ ಸಾಕು.

ನೀರೆರೆಯುವ ಕೆಲಸ ಸೂರ್ಯ ಗುಡ್ಡದ ಮೇಲೆ ಬರುವ ಮುಂಚೆ ಮುಗಿಯಬೇಕು. ಹೊಂಡದ ಸುತ್ತ ಅಂಗೈ ದಪ್ಪಕ್ಕೆ ತರಗೆಲೆ, ಅಡಿಕೆ ಸೋಗೆ ಹಾಕಿ. ಹೊದಿಕೆ ಇಲ್ಲದ ಹೊಂಡಕ್ಕೂ ಇದ್ದ ಹೊಂಡಕ್ಕೂ ಇರುವ ವ್ಯತ್ಯಾಸ ನೋಡಬೇಕಾದರೆ ಮಧ್ಯಾಹ್ನ ಮಣ್ಣಿನೊಳಗೆ ಬೆರಳು ಚುಚ್ಚಿ: ಒಂದು ಕಡೆ ಬಿಸಿ ಹುಡಿ, ಇನ್ನೊಂದು ಕಡೆ ತಣ್ಣನೆಯ ಮಣ್ಣು. ತರಗೆಲೆ ಒಟ್ಟುವಾಗ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಕೊಳಕುಮಂಡಲದಂಥ ವಿಷದ ಹಾವು ತಂಪನ್ನು ಹುಡುಕಿಕೊಂಡು ಅಲ್ಲೇ ಮಲಗಿರುತ್ತದೆ. ಹಾವು ಮನೆಯ ಹತ್ತಿರ ಬಂದರೆ ಹೊಡೆಯಬೇಡಿ. ಕೇರಳ ಅರಣ್ಯ ಇಲಾಖೆಯ 'ಸರ್ಪ' ಎಂಬ ಮೊಬೈಲ್ ಆ್ಯಪ್ ಮೂಲಕ ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಸಿಕೊಳ್ಳಬಹುದು.

ತರಗೆಲೆಗೆ ಇನ್ನೊಬ್ಬ ಗಿರಾಕಿ ಇದ್ದಾನೆ. ಏಪ್ರಿಲ್ ಮೊದಲ ವಾರಗಳಲ್ಲಿ, ಬೆಳಕು ಹರಿಯುವ ಹೊತ್ತಿಗೆ ಕಂಗಿನ (ಅಡಿಕೆಯ) ತೋಟದಿಂದ ಎರಡು ಸ್ವರದ ಸಿಳ್ಳೆ ಕೇಳಿಸಿದರೆ ನೀರಿನ ಪೈಪನ್ನು ಕೆಳಗಿಟ್ಟು ಸುಮ್ಮನೆ ನಿಲ್ಲಿ. ಅದು ನವರಂಗ. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕುಂಕುಮದ ಕೆಂಪು. ನೆಲದ ಮೇಲೆ ಕುಪ್ಪಳಿಸುತ್ತಾ ಒಂದೊಂದೇ ಎಲೆಯನ್ನು ಕೊಕ್ಕಿನಿಂದ ಮಗುಚಿ ಹುಳ ಹುಡುಕುತ್ತದೆ. ಚಳಿಗಾಲವನ್ನು ನಮ್ಮಲ್ಲಿ ಕಳೆದು ಮರಿ ಮಾಡಲು ಉತ್ತರಕ್ಕೆ ಹೊರಡುವ ಹಕ್ಕಿ ಅದು. ಏಪ್ರಿಲ್ ಮುಗಿಯುತ್ತಿದ್ದಂತೆ ಸಿಳ್ಳೆ ನಿಂತುಹೋಗುತ್ತದೆ. ತೋಟವನ್ನು ಗುಡಿಸಿ ಚೊಕ್ಕಟ ಮಾಡುವವರ ಮನೆಗೆ ನವರಂಗ ಬರುವುದಿಲ್ಲ.

ಇನ್ನು ಕಾಯಿಗೆ ಚುಚ್ಚುವ ಹಣ್ಣುನೊಣದ ವಿಚಾರ. ಎಳೆಯ ಹಾಗಲ, ಪಡುವಲ, ಸೌತೆಯ ಸಿಪ್ಪೆಯೊಳಗೆ ಅದು ಮೊಟ್ಟೆಯಿಡುತ್ತದೆ. ನಾಲ್ಕು ದಿನದಲ್ಲಿ ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ತುಳಸಿ ಎಲೆ ಜಜ್ಜಿ ನೇತುಹಾಕಿದರೆ ಸಾಕು ಎಂದು ಅನೇಕರು ಹೇಳುತ್ತಾರೆ. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಸೆಳೆಯುವುದು ಮಾವಿನ ಹಣ್ಣುನೊಣವನ್ನು. ಸೌತೆ ಜಾತಿಯ ಕಾಯಿಗಳನ್ನು ಕಾಡುವ ನೊಣಕ್ಕೆ 'ಕ್ಯೂ ಲ್ಯೂರ್' ಇರುವ ಮೋಹಕ ಬಲೆ ಬೇಕು. ಕೃಷಿ ಇಲಾಖೆಯ ಕಚೇರಿಯಾದ ಕೃಷಿಭವನದಲ್ಲಿ ಕೇಳಿ ನೋಡಿ. ಬಲೆಗೆ ಬೀಳುವುದು ಗಂಡುನೊಣ ಮಾತ್ರ. ಆದ್ದರಿಂದ ಚುಚ್ಚಿದ ಕಾಯಿಯನ್ನು ಬುಡದಲ್ಲೇ ಬಿಡದೆ ದಿನವೂ ಆರಿಸಿ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ. ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಎಳೆಯ ಹಾಗಲಕಾಯಿಗೆ ಹಳೆಯ ಪತ್ರಿಕೆಯ ತುಂಡನ್ನು ಸುತ್ತುವುದು ಮಕ್ಕಳಿಗೆ ಒಪ್ಪುವ ಕೆಲಸ.

ವಿಷ ಸಿಂಪಡಿಸುವ ಮಾತನ್ನು ನನ್ನ ಬಳಿ ಆಡಬೇಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಪಡ್ರೆ, ಎಣ್ಮಕಜೆಯ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ಅನುಭವಿಸುತ್ತಿರುವವರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಗುಡ್ಡದ ಮೇಲೆ ಬಿದ್ದದ್ದು ಸುರಂಗಕ್ಕೆ ಇಳಿಯುತ್ತದೆ, ಸುರಂಗದ್ದು ತೋಡಿಗೆ, ತೋಡಿನದ್ದು ಹೊಳೆಗೆ. ನಾನು ಬೆಂಡೆಗೆ ಹೊಡೆದ ವಿಷವನ್ನು ಸಂಜೆ ನಾನೇ ಹಿಡಿದ ಮೀನಿನಲ್ಲಿ ತಿನ್ನಬೇಕಾಗುತ್ತದೆ.

ಬೇಲಿಯ ಬಗ್ಗೆ ನನಗೆ ಪಾಠ ಕಲಿಸಿದ್ದು ಒಂದು ಕೇರೆಹಾವು. ನವಿಲುಗಳು ಅಲಸಂದೆಯ ಮೊಳಕೆಗಳನ್ನು ಕುಕ್ಕಿ ಮುಗಿಸುತ್ತಿದ್ದುದರಿಂದ ಹಳೆಯ ತಂಗೂಸಿ (ಸಪೂರ ನೈಲಾನ್ ದಾರ) ಬಲೆಯನ್ನು ಸುತ್ತಲೂ ಕಟ್ಟಿದ್ದೆ. ಒಂದು ಬೆಳಗ್ಗೆ ಆರಡಿ ಉದ್ದದ ಕೇರೆ ಅದರಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಹೊರಳಿದಷ್ಟೂ ದಾರ ಹುರುಪೆಗಳ ನಡುವೆ ಹೊಕ್ಕಿತ್ತು. ಗೋಣಿಚೀಲದಿಂದ ತಲೆ ಮುಚ್ಚಿ, ಉಗುರು ಕತ್ತರಿಸುವ ಕತ್ತರಿಯಿಂದ ಒಂದೊಂದೇ ಎಳೆಯನ್ನು ಕತ್ತರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಎಳೆ ತುಂಡಾದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಉಸಿರೆಳೆಯುತ್ತಾ ಮಲಗಿತ್ತು, ಆಮೇಲೆ ಸೌತೆಬಳ್ಳಿಯ ಅಡಿಯಿಂದ ಜಾರಿಹೋಯಿತು. ಇಲಿಗಳನ್ನು ಹಿಡಿದು ನನ್ನ ಗೆಣಸು ಉಳಿಸುವ ಹಾವನ್ನೇ ನಾನು ಕೊಲ್ಲುತ್ತಿದ್ದೆ. ಅಂದಿನಿಂದ ಹೆಣೆದ ತೆಂಗಿನ ಮಡಲಿನ ಬೇಲಿ ಮಾತ್ರ. ಮೊಳಕೆಗಳಿಗೆ ಮೊದಲ ಹದಿನೈದು ದಿನ ಮುಳ್ಳಿನ ಕೊಂಬೆ ಮುಚ್ಚಿದರೆ ನವಿಲು ಬೇರೆ ದಾರಿ ನೋಡಿಕೊಳ್ಳುತ್ತದೆ.

ನಡುಹಗಲು: ಕಂಗಿನ ನೆರಳಿನಲ್ಲಿ ಒಂದು ಗಂಟೆ

ಹನ್ನೊಂದರಿಂದ ಮೂರರವರೆಗೆ ಯಾರೂ ಬಿಸಿಲಿಗೆ ಇಳಿಯಬಾರದು ಎಂಬುದು ನಮ್ಮ ಮನೆಯ ನಿಯಮ. ಆ ಹೊತ್ತಿನಲ್ಲಿ ಕಂಗಿನ ತೋಟದಲ್ಲಿ ಚಾಪೆ ಹಾಸಿ. ನೋಡಬೇಕಾದದ್ದು ಹಾರುವ ಓತಿಯನ್ನು.

ಅದನ್ನು ಕಾಣುವುದೇ ಒಂದು ವಿದ್ಯೆ. ಮೈ ಬಣ್ಣ ಕಂಗಿನ ತೊಗಟೆಯದ್ದೇ. ಬೂದು, ಅಲ್ಲಲ್ಲಿ ಕಲ್ಲುಹೂವಿನ ಮಚ್ಚೆ. ಓತಿಯನ್ನು ಹುಡುಕಬೇಡಿ, ಹಳದಿಯನ್ನು ಹುಡುಕಿ. ಗಂಡು ಓತಿ ಗಂಟಲಿನ ಕೆಳಗಿನ ನಿಂಬೆ ಹಳದಿಯ ಪಟ್ಟಿಯನ್ನು ಪುಟ್ಟ ಬಾವುಟದಂತೆ ಚಾಚುತ್ತದೆ, ಮಡಚುತ್ತದೆ, ಮತ್ತೆ ಚಾಚುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಅದೇ ತೋಟದಲ್ಲಿ ಇನ್ನೂ ನಾಲ್ಕಾರು ಸಿಗುತ್ತವೆ. ಹತ್ತಿರ ಹೋದರೆ ಮರದ ಆಚೆ ಬದಿಗೆ ಸರಿದು ಮರೆಯಾಗುತ್ತದೆ. ಆಗ ನೀವು ಅಲ್ಲೇ ನಿಂತು, ಒಬ್ಬ ಮಗುವನ್ನು ದೂರದಿಂದ ಸುತ್ತಿ ಆಚೆಗೆ ಕಳುಹಿಸಿ. ಓತಿ ನಿಮ್ಮ ಬದಿಗೆ ಬರುತ್ತದೆ. ಉಸಿರು ಬಿಗಿಹಿಡಿದು ನೋಡಿದರೆ ಮರದ ಮೇಲೆ ಸಾಲಾಗಿ ಹೋಗುವ ಇರುವೆಗಳನ್ನು ನಾಲಗೆಯಿಂದ ಒಂದೊಂದಾಗಿ ಹೆಕ್ಕುವುದು ಕಾಣುತ್ತದೆ.

ಹಾರಾಟಕ್ಕೆ ಮಾತ್ರ ಕಾಯಬೇಕು. ತಲೆ ಕೆಳಗೆ ಮಾಡಿ ಮರದಿಂದ ಚಿಮ್ಮಿದಾಗ ಪಕ್ಕೆಲುಬುಗಳು ಹೊರಕ್ಕೆ ಚಾಚಿ, ಅವುಗಳ ನಡುವಿನ ಹಳದಿ-ಕಪ್ಪು ಚರ್ಮ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ರೆಕ್ಕೆ ಬಡಿಯುವುದಿಲ್ಲ, ತೇಲಿಕೊಂಡು ಹೋಗಿ ಮುಂದಿನ ಮರದ ತಗ್ಗಿನಲ್ಲಿ ಇಳಿದು ಮತ್ತೆ ಮೇಲಕ್ಕೆ ಹತ್ತುತ್ತದೆ. ಹೆಣ್ಣು ಓತಿ ನೆಲಕ್ಕೆ ಇಳಿದದ್ದು ಕಂಡರೆ ದೂರ ಸರಿಯಿರಿ, ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಡಲು ಮಾತ್ರ ಅದು ಇಳಿಯುತ್ತದೆ. ತೋಟ ಅಗೆಯುವಾಗ ಬಿಳಿಯ ಪುಟ್ಟ ಮೊಟ್ಟೆಗಳು ಸಿಕ್ಕರೆ ಹಾಗೆಯೇ ಮಣ್ಣು ಮುಚ್ಚಿ.

ಹಕ್ಕಿಗಳಿಗೆ ನೀರಿಡುವ ಕೆಲಸವೂ ಈ ಹೊತ್ತಿನದೇ. ಅಗಲವಾದ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಹೆಚ್ಚು ಆಳ ಬೇಡ. ನಡುವೆ ಒಂದು ಕಲ್ಲು, ಜೇನ್ನೊಣ ಬಿದ್ದರೂ ಹತ್ತಿಕೊಳ್ಳಲಿ. ಪೊದೆ ಹತ್ತಿರವಿರಲಿ, ಬೆಕ್ಕು ಹೊಂಚು ಹಾಕುವಷ್ಟು ಹತ್ತಿರ ಬೇಡ. ನೀರನ್ನು ದಿನವೂ ಬದಲಿಸಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ. ಹಳೆಯ ನೀರು ಬಸಳೆಯ ಬುಡಕ್ಕೆ. ನಮ್ಮ ತಟ್ಟೆಗೆ ಮೊದಲು ಬರುವುದು ಪಿಕಳಾರ, ಆಮೇಲೆ ಮಡಿವಾಳ ಹಕ್ಕಿ. ಮೂರು ಗಂಟೆ ದಾಟಿದ ಮೇಲೆ ಕೆಂಬೂತ ಗಂಭೀರವಾಗಿ ನಡೆದು ಬಂದು ಕುಡಿದು ಹೋಗುತ್ತದೆ.

ನಾಲ್ಕರ ನಂತರ ಗಾಳ

ನನಗೆ ಗಾಳ ಹಾಕಲು ಕಲಿಸಿದವರು ಅಪ್ಪ. ಹೆಣ್ಣುಮಕ್ಕಳು ಹೊಳೆಬದಿಯಲ್ಲಿ ಕೋಲು ಹಿಡಿದು ಕುಳಿತುಕೊಳ್ಳುವುದು ಊರಿಗೆ ಹೊಸತಾಗಿದ್ದ ಕಾಲ. ಅವರ ಸಲಕರಣೆಯೇ ನನ್ನದೂ: ಆಳೆತ್ತರಕ್ಕಿಂತ ಎರಡು ಅಡಿ ಹೆಚ್ಚು ಉದ್ದದ ಸಪೂರ ಬಿದಿರು ಕೋಲು, ಕೋಲಿನಷ್ಟೇ ಉದ್ದದ ತಂಗೂಸಿ, ಒಂದು ಬೆಂಡು, ಕಡಲೆಕಾಳಿನಷ್ಟು ಸೀಸದ ಗುಂಡು, ಸಣ್ಣ ಕೊಕ್ಕೆ. ರೀಲ್ ಇರುವ ಕೋಲು ಚೆನ್ನಾಗಿಯೇ ಇರುತ್ತದೆ, ಆದರೆ ಮಕ್ಕಳಿಗೆ ಬೆಂಡು ನೋಡುವ ತಾಳ್ಮೆ ಬರುವುದು ಬಿದಿರಿನಿಂದ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಿಡಬೇಕಾದ ಮೀನನ್ನು ಗಾಯವಾಗದಂತೆ ಬಿಡಬಹುದು, ಮಗುವಿನ ಬೆರಳಿಗೆ ಚುಚ್ಚಿದರೂ ಸುಲಭವಾಗಿ ತೆಗೆಯಬಹುದು. ಎರೆಹುಳು ಬಾಳೆಬುಡದ ಒದ್ದೆಯಲ್ಲಿ ಸಿಗುತ್ತದೆ. ಬೆಳಗ್ಗೆ ನೀರು ಹಾಕುವಾಗಲೇ ತೆಂಗಿನ ಚಿಪ್ಪಿನಲ್ಲಿ ಹಸಿ ಮಣ್ಣಿನೊಂದಿಗೆ ತೆಗೆದಿಡಿ.

ಎಲ್ಲಿ ಕೂರಬೇಕು? ಈ ಜಿಲ್ಲೆಯಲ್ಲಿ ಹೊಳೆಗಳಿಗೆ ಬರವಿಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಬಡಗಿನಿಂದ ತೆಂಕಿಗೆ ಸಾಲಾಗಿವೆ. ಬೇಸಗೆಯಲ್ಲಿ ಮೇಲ್ಭಾಗದ ಹೊಳೆ ಅಲ್ಲಲ್ಲಿ ಒಣಗಿ ಆಳದ ಗುಂಡಿಗಳಷ್ಟೇ ಉಳಿಯುತ್ತವೆ. ಈ ಗುಂಡಿಗಳಲ್ಲಿ ಗಾಳ ಹಾಕಬೇಡಿ. ಮಳೆ ಬಂದ ಮೇಲೆ ಇಡೀ ಹೊಳೆಯನ್ನು ತುಂಬಬೇಕಾದ ಮೀನುಗಳು ಅಲ್ಲಿ ಒತ್ತೊತ್ತಾಗಿ ಜೀವ ಹಿಡಿದುಕೊಂಡಿರುತ್ತವೆ. ನಂಜು ಹಾಕುವುದು, ತೋಟೆ ಸಿಡಿಸುವುದು, ವಿದ್ಯುತ್ ಹಾಯಿಸುವುದು ಕಾನೂನಿನ ಪ್ರಕಾರ ಅಪರಾಧ. ಯಾರಾದರೂ ಮಾಡುವುದು ಕಂಡರೆ ಪಂಚಾಯತಿಗೆ, ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ. ಒಂದು ರಾತ್ರಿಯ ನಂಜಿಗೆ ಗುಂಡಿಯ ಮೀನಿನ ಜೊತೆ ಏಡಿ, ಕಪ್ಪೆ, ನೀರುನಾಯಿಯ ಊಟ ಎಲ್ಲವೂ ಮುಗಿಯುತ್ತದೆ.

ಗಾಳಕ್ಕೆ ಸರಿಯಾದ ಜಾಗ ಉಪ್ಪುನೀರು ಏರಿಬರುವ ಅಳಿವೆಯ ಬದಿ. ಅಲ್ಲಿ ಉಬ್ಬರ-ಇಳಿತವೇ ಗಡಿಯಾರ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಂದು ನಾಲ್ಕು ಗಂಟೆಗೆ ನೀರು ಏರಲು ಆರಂಭಿಸಿದರೆ ನಾಳೆ ಐದಕ್ಕೆ ಸ್ವಲ್ಪ ಮೊದಲು ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತದ ಸೆಳೆತ ಜೋರು. ಮಕ್ಕಳೊಂದಿಗೆ ಹೋಗುವವರು ಆ ದಿನಗಳನ್ನು ಬಿಡುವುದು ಒಳ್ಳೆಯದು. ನೀರು ಏರತೊಡಗಿದ ಮೊದಲ ಒಂದೆರಡು ಗಂಟೆ ನನಗೆ ಹೆಚ್ಚು ಫಲ ಕೊಟ್ಟಿದೆ. ಮೀನುಗಳು ಹೊಸ ನೀರಿನೊಂದಿಗೆ ದಡದ ಬೇರು, ಕಲ್ಲುಗಳ ಬಳಿ ಮೇಯಲು ಬರುತ್ತವೆ. ನೀರಿಗೆ ಇಳಿಯುವಂತಿಲ್ಲ, ದೊಡ್ಡವರಿಲ್ಲದೆ ಹೋಗುವಂತಿಲ್ಲ. ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ.

ಕರಿಮೀನಿಗೆ ಬಾಯಿ ಚಿಕ್ಕದು. ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಅದು ಮೊದಲು ತುಟಿಯಿಂದ ಮುಟ್ಟಿ ಬಿಡುತ್ತದೆ. ಬೆಂಡು ನಡುಗಿದ ಕೂಡಲೇ ಎಳೆದರೆ ಕೊಕ್ಕೆ ಬರಿದಾಗಿ ಬರುತ್ತದೆ. ಬೆಂಡು ಓರೆಯಾಗಿ ಸರಿದು ಮುಳುಗುವವರೆಗೆ ಕಾದು, ಮಣಿಕಟ್ಟಿನಿಂದ ಮಾತ್ರ ಎತ್ತಿ. ತಿಳಿನೀರಿನಲ್ಲಿ ಎರಡು ಕರಿಮೀನು ಒಂದೇ ಜಾಗವನ್ನು ಬಿಡದೆ ಸುತ್ತುತ್ತಿದ್ದರೆ, ಅವುಗಳ ನಡುವೆ ಸಾಸಿವೆ ಚೆಲ್ಲಿದಂತೆ ಮರಿಗಳ ಮೋಡ ಕಂಡರೆ, ಗಾಳವನ್ನು ಬೇರೆ ಕಡೆಗೆ ಒಯ್ಯಿರಿ. ತಾಯಿ-ತಂದೆ ಎರಡೂ ಸೇರಿ ಮೊಟ್ಟೆಗೆ ಈಜುರೆಕ್ಕೆಯಿಂದ ಗಾಳಿ ಬೀಸುತ್ತವೆ, ಮರಿಗಳನ್ನು ಕಾಯುತ್ತವೆ. ಒಂದನ್ನು ಎತ್ತಿದರೆ ಉಳಿದದ್ದರಿಂದ ಕಾವಲು ಸಾಗುವುದಿಲ್ಲ. ಅಂಗೈಗಿಂತ ಚಿಕ್ಕ ಮೀನನ್ನು ಒದ್ದೆ ಕೈಯಿಂದಲೇ ಹಿಡಿದು ಬಿಡಿ. ಮುಗುಡು ಸಿಕ್ಕರೆ ಎದೆಯ ಬದಿಯ ಮುಳ್ಳಿನ ಬಗ್ಗೆ ಎಚ್ಚರ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿದರೆ ನೋವು ಇಳಿಯುತ್ತದೆ, ಬಾವು ಏರಿದರೆ ವೈದ್ಯರ ಬಳಿ ಹೋಗಿ.

ಚಂದ್ರಗಿರಿ, ಪಯಸ್ವಿನಿ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಮಲಯಾಳದಲ್ಲಿ ಭೀಮನಾಮ ಎನ್ನುತ್ತಾರೆ. ಪ್ರಪಂಚದಲ್ಲೇ ಅಪರೂಪವಾಗಿರುವ ಈ ಕ್ಯಾಂಟರ್ ಆಮೆ ಜೀವಮಾನದ ಬಹುಪಾಲನ್ನು ಹೊಳೆಯ ಮರಳಿನೊಳಗೆ ಹುದುಗಿ, ಕಣ್ಣು ಮೂಗು ಮಾತ್ರ ಹೊರಗಿಟ್ಟು ಕಳೆಯುತ್ತದೆ. ಗಾಳಕ್ಕೆ ಸಿಕ್ಕಿದರೆ ಎಳೆದಾಡಬೇಡಿ. ಕುತ್ತಿಗೆ ಉದ್ದ, ಕಚ್ಚುವುದು ವೇಗ. ಬಾಯಿಯ ಬಳಿ ಕೈ ಒಯ್ಯದೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವುದು ತಡವಾಗುವುದಾದರೆ ದಾರವನ್ನು ಸಾಧ್ಯವಾದಷ್ಟು ಹತ್ತಿರ ಕತ್ತರಿಸಿ ಬಿಡಿ. ಮೊಟ್ಟೆ ಇಡುವುದು ದಡದ ಮರಳಿನಲ್ಲಿ, ಆದ್ದರಿಂದ ಮರಳುದಿಬ್ಬದ ಮೇಲೆ ಆಟ, ಬೆಂಕಿ, ವಾಹನ ಬೇಡ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಜೀವಿಗಳನ್ನು ಘೋಷಿಸಿಕೊಂಡಾಗ ಈ ಆಮೆಗೂ ಬಿಳಿಹೊಟ್ಟೆಯ ಕಡಲ ಹದ್ದಿಗೂ ಸ್ಥಾನ ಸಿಕ್ಕಿತು. ಜಿಲ್ಲಾ ಮರ ಕಾಸರಕ, ಊರಿಗೆ ಹೆಸರು ಕೊಟ್ಟಿತೆಂದು ಹೇಳುವ ಮರ. ಕಡಲ ಹದ್ದು ವರ್ಷ ವರ್ಷ ಅದೇ ಎತ್ತರದ ಮರದ ಅದೇ ಗೂಡಿಗೆ ಮರಳುತ್ತದೆ. ಅಳಿವೆಯಲ್ಲಿ ಬೆಂಡಿನಿಂದ ಕಣ್ಣು ತೆಗೆದು ಆಗಾಗ ಮೇಲೆ ನೋಡಿ. ದಡದ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಚಿಪ್ಪಿನ ಚೂರು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯ ಗುರುತು. ಮರುದಿನ ಬೆಳಗ್ಗೆ ದೂರದಲ್ಲಿ ಕುಳಿತು ಕಾಯುವುದಕ್ಕೆ ಯೋಗ್ಯವಾದ ಜಾಗ.

ಹೊರಡುವ ಮೊದಲು ತುಂಡಾದ ತಂಗೂಸಿಯ ಪ್ರತಿ ಗೇಣನ್ನೂ ಹೆಕ್ಕಿ ಡಬ್ಬಿಗೆ ಹಾಕಿ. ಕೇರೆಯ ಮೈ ಕೊಯ್ದದ್ದು ಅದೇ ದಾರ. ಮನೆಗೆ ಬಂದ ಮೇಲೆ ಮೀನು ತೊಳೆದ ನೀರು ಕರಿಬೇವಿಗೆ, ತಲೆ-ಕರುಳು ತೆಂಗಿನ ಬುಡದ ಹೊಂಡಕ್ಕೆ, ಒಂದು ಅಡಿ ಮಣ್ಣಿನ ಕೆಳಗೆ.

ಸಂಜೆ ಪದವಿನಲ್ಲಿ

ಮೀನು ಹಿಡಿಯದ ದಿನ ಮಕ್ಕಳನ್ನು ಪದವಿಗೆ ಕರೆದುಕೊಂಡು ಹೋಗುತ್ತೇನೆ. ಮುರಕಲ್ಲಿನ ಬಯಲು, ಅಲ್ಲಲ್ಲಿ ನೀರು ನಿಲ್ಲುವ ಪಳ್ಳ. ಕುಂಬಳೆ ಬಳಿಯ ಕಿದೂರಿಗೆ ಹಕ್ಕಿ ನೋಡುವವರು ದೂರದಿಂದ ಬರುವುದು ಅಂಥ ನೀರಿಗಾಗಿಯೇ. ಟಿಟ್ಟಿಭ ಈ ಕಾಲದಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಟ್ಟಿರುತ್ತದೆ, ಜಲ್ಲಿಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ತಲೆಯ ಮೇಲೆ ಕೂಗುತ್ತಾ ಹಾರಿದರೆ ನೀವು ಗೂಡಿನ ಹತ್ತಿರ ಬಂದಿದ್ದೀರಿ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಐವತ್ತು ಹೆಜ್ಜೆ ದೂರದಲ್ಲಿ ಕುಳಿತುಕೊಳ್ಳಿ. ಸುಡುವ ಕಲ್ಲಿನ ಮೇಲೆ ಅದು ಏನು ಮಾಡುತ್ತದೆ ಗೊತ್ತೇ? ಪಳ್ಳಕ್ಕೆ ಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಬೆಂಗಳೂರಿನಿಂದ ಬಂದ ತಂಗಿಯ ಮಗಳು ಇದನ್ನು ಮೊದಲ ಸಲ ನೋಡಿ ಪಿಸುಗುಟ್ಟಿದಳು: "ದೊಡ್ಡಮ್ಮ, ಅದೂ ನಮ್ಮ ಹಾಗೆ ನೀರು ಹೊರುತ್ತಿದೆ."

ರಾತ್ರಿ ಊಟದ ಮೊದಲು ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿಸಿ. ದಿನಾಂಕ, ಹೊತ್ತು, ಜಾಗ, ಕಂಡದ್ದು. ಹೆಸರು ಗೊತ್ತಿಲ್ಲದ ಹಕ್ಕಿಗೆ ಚಿತ್ರ ಬರೆದರೆ ಸಾಕು. ಬಕೆಟ್ ತುಂಬಿದ ನಿಮಿಷಗಳೂ ಅದೇ ಪುಟದಲ್ಲಿ ಇರಲಿ. 2015ರಿಂದ 2020ರವರೆಗೆ ಕೇರಳದ ಉದ್ದಗಲಕ್ಕೂ ನಡೆದ ಪಕ್ಷಿ ಅಟ್ಲಾಸಿನ ಕೆಲಸವನ್ನು ಹಕ್ಕಿ ನೋಡುವ ಸಾಮಾನ್ಯ ಜನರೇ ಹೀಗೆ ಬರೆದುಕೊಂಡು ಮಾಡಿದರು.

ಮೊದಲ ಮಳೆಗೆ ಕೋಲು ಅಟ್ಟಕ್ಕೆ

ಪತ್ತನಾಜೆ ಕಳೆದು ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮೀನುಗಳು ಮೊಟ್ಟೆಯಿಡಲು ತೋಡು, ಗದ್ದೆಗಳಿಗೆ ಏರುತ್ತವೆ. ಬುಟ್ಟಿ ತುಂಬ ಹಿಡಿಯುವುದು ಆಗ ಬಲು ಸುಲಭ, ಅದಕ್ಕಾಗಿಯೇ ಹಿಡಿಯಬಾರದು. ಮಕ್ಕಳು ಇನ್ನೂ ಇದ್ದರೆ ಟಾರ್ಚ್ ಹಿಡಿದು ಬದುವಿನ ಮೇಲಿನಿಂದ ತೋರಿಸಿ, ಅಂಗುಲ ಆಳದ ನೀರಿನಲ್ಲಿ ಓರೆಯಾಗಿ ಈಜುತ್ತಾ ಏರುವ ಬೆಳ್ಳಿ ಬೆನ್ನುಗಳನ್ನು. ಕೊಕ್ಕೆಗಳಿಗೆ ತೆಂಗಿನೆಣ್ಣೆ ಸವರಿ, ದಾರ ಸುತ್ತಿ, ಕೋಲನ್ನು ಅಟ್ಟಕ್ಕೇರಿಸಿ.

ಸೌತೆಯನ್ನು ಮಾತ್ರ ಮಳೆ ಬೀಳುವ ಮುಂಚೆಯೇ ಕೊಯ್ದಿರಬೇಕು. ಗಾಯವಿಲ್ಲದ, ಚೆನ್ನಾಗಿ ಬಲಿತ ಕಾಯಿಗಳನ್ನು ತೊಳೆಯದೆ ಒರೆಸಿ, ಬಾಳೆನಾರಿನಿಂದ ಅಡ್ಡಕ್ಕೂ ಉದ್ದಕ್ಕೂ ಕಟ್ಟಿ, ಒಂದಕ್ಕೊಂದು ತಾಗದಂತೆ ಅಡುಗೆಮನೆಯ ಜಂತಿಗೆ ತೂಗುಹಾಕಿ. ಮಳೆಗಾಲದ ತಿಂಗಳುಗಳು ಸಾಗುತ್ತವೆ. ಬೀಜಕ್ಕೆಂದು ಬಿಟ್ಟ ಅತಿ ದೊಡ್ಡ ಕಾಯಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿ, ಸಗಣಿಯಲ್ಲಿ ಸೇರಿಸಿ ಗೋಡೆಗೆ ಬಿಲ್ಲೆ ತಟ್ಟಿ. ನಮ್ಮ ಮನೆಯ ಗೋಡೆಯಲ್ಲಿ ಪ್ರತಿ ಬಿಲ್ಲೆಯ ಮೇಲೂ ಅದನ್ನು ತಟ್ಟಿದ ಮಗುವಿನ ಐದು ಬೆರಳ ಗುರುತು ಇದೆ. ಜನವರಿಯಲ್ಲಿ ಒಡೆಯುವಾಗ ಯಾವುದು ಯಾರದ್ದೆಂದು ಬೆರಳಿನ ಅಳತೆಯಲ್ಲೇ ತಿಳಿಯುತ್ತದೆ.